ದೇವಮೂಲೆ ತಪ್ಪಿಸಿದ ಪೈಪು

ನೀರು ಮೊದಲ ಸಲ ಮೇಲೆ ಬಂದದ್ದು ಯುಗಾದಿಯ ಆಸುಪಾಸಿನಲ್ಲಿ ಎಂದು ನನ್ನ ನೆನಪು. ಅಮ್ಮ ಗೌರಿ ಹಬ್ಬ ಎನ್ನುತ್ತಾಳೆ. ಇನ್ನೂ ಕೆಲವು ವಿವರಗಳನ್ನು ನಾನು ತಪ್ಪಾಗಿ ಬರೆಯುತ್ತಿರಬಹುದು. ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ, ಅದು ಈಗಲೂ ಹಾಗೇ ಇದೆ.

ಬೇಗೂರಿನ ನಮ್ಮ ಮನೆಯನ್ನು ದೊಡ್ಡಪ್ಪ ಮುಂದೆ ನಿಂತು ಕಟ್ಟಿಸಿದ್ದು. ಬೀದಿಯ ಒಳಚರಂಡಿ ಸೈಟಿನ ಈಶಾನ್ಯ ಮೂಲೆಯ ಪಕ್ಕದಲ್ಲೇ ಹೋಗುತ್ತದೆ. ನೆಲವೂ ಆ ಕಡೆಗೇ ಇಳಿಜಾರು. ಆದರೆ ಅದು ದೇವಮೂಲೆ, ಕಕ್ಕಸಿನ ನೀರು ಅಲ್ಲಿ ದಾಟಬಾರದು ಎಂದು ಅವರು ಪೈಪನ್ನು ಮನೆಯ ಹಿಂದಿನಿಂದ ಸುತ್ತು ಹಾಕಿಸಿ ಇನ್ನೊಂದು ತುದಿಯಲ್ಲಿ ಚರಂಡಿಗೆ ಸೇರಿಸಿದ್ದರು. ಅಷ್ಟು ದೂರಕ್ಕೆ ಇಳಿಜಾರು ಸಾಲದು. ಮೇಲೆ ನಾವು ಒಮ್ಮೆಲೇ ನೀರು ಬಿಟ್ಟರೆ ಅದು ಮುಂದೆ ಹೋಗದೆ ಹಿಂದಕ್ಕೆ ಬಂದು, ಬೇಸ್‌ಮೆಂಟಿನ ಬಚ್ಚಲಲ್ಲಿ ಉಕ್ಕುತ್ತಿತ್ತು.

ಅಲ್ಲಿ ಬಾಡಿಗೆಗಿದ್ದವರು ರಾಯಚೂರಿನ ಕಡೆಯ ಗಂಡ ಹೆಂಡತಿ. ಅವನದು ಕಟ್ಟಡದ ಕೆಲಸ. ಅವರ ಮಗು ಆಗಷ್ಟೇ ಅಂಬೆಗಾಲಿಡಲು ಕಲಿತಿತ್ತು, ಆದರೆ ಅದನ್ನು ನೆಲಕ್ಕೆ ಬಿಡುವಂತಿರಲಿಲ್ಲ.

ಆಕೆ ಮತ್ತು ಅಮ್ಮ ಸೇರಿ ಒಂದು ಪದ್ಧತಿ ಮಾಡಿಕೊಂಡರು. ಮೇಲೆ ನೀರು ಬಿಡುವ ಮುನ್ನ ಅಮ್ಮ ಮೆಟ್ಟಿಲ ಬಳಿ ನಿಂತು ಕೂಗಬೇಕು. ಆಕೆ ಬಚ್ಚಲ ತೂತಿಗೆ ಹಳೆ ಬಟ್ಟೆ ತುರುಕಿ ಮೇಲೊಂದು ಕಲ್ಲು ಹೇರಬೇಕು.

"ಮೆಷಿನ್ ಹಾಕ್ತಿದೀನಮ್ಮ, ಮುಚ್ಚಿದೀಯಾ?"

"ತಡೀರಿ ಯಕ್ಕಾ, ಕೂಸಿನ ಮೈ ತೊಳ್ಯಾಕತ್ತೀನಿ."

"ಇನ್ನೂ ಎಷ್ಟೊತ್ತು?"

"ನಿಮ್ಮ ಬಟ್ಟಿ ಎಲ್ಲಿ ಓಡಿ ಹೊಕ್ಕಾವ್ರಿ?"

ಅಮ್ಮ ನಗುತ್ತಿದ್ದಳು. ಎಲ್ಲರಿಗೂ ಇದು ಎಷ್ಟು ಒಗ್ಗಿಹೋಯಿತೆಂದರೆ, ಸರಿಮಾಡಿಸಬೇಕಾದದ್ದು ಪೈಪನ್ನು ಎಂಬ ಮಾತೇ ಮನೆಯಲ್ಲಿ ನಿಂತುಹೋಯಿತು.

ಒಂದು ಭಾನುವಾರ ಮನೆ ತುಂಬ ನೆಂಟರಿದ್ದರು. ಕೂಗುವುದು ಮರೆತುಹೋಯಿತು. ನೀರು ಬಚ್ಚಲು ದಾಟಿ ಕೋಣೆಗೆ ನುಗ್ಗಿತು. ಪಾದ ಮುಳುಗುವಷ್ಟಿತ್ತು ಎಂದು ನಾನು ಹೇಳುತ್ತ ಬಂದಿದ್ದೇನೆ. ಬರೀ ಚಾಪೆ ಒದ್ದೆಯಾಗಿತ್ತು ಅಷ್ಟೇ ಎನ್ನುತ್ತಾನೆ ತಮ್ಮ. ಮಗು ಆ ಚಾಪೆಯ ಮೇಲೆ ಮಲಗಿತ್ತು ಎಂಬುದನ್ನು ಇಬ್ಬರೂ ಒಪ್ಪುತ್ತೇವೆ.

ಅಪ್ಪ, ಇನ್ನಾದರೂ ಪೈಪನ್ನು ನೇರ ಮಾಡಿಸೋಣ ಎಂದರು. ಪಕ್ಕದ ಮನೆಯಿಂದ ದೊಡ್ಡಪ್ಪ ಬಂದರು.

"ಅಂಗೆಲ್ಲ ಆಗಕಿಲ್ಲ ಕಣ್ಲಾ. ದೇವಮೂಲೇಲಿ ಗಲೀಜು ಹರಿಸಿ ಉದ್ಧಾರ ಆದೋರು ಯಾರವ್ರೆ?"

ಆಕೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಅಲ್ಲೇ ನಿಂತಿದ್ದಳು. "ದೇವ್ರಿಗೆ ಒಂದು ಮೂಲಿ ಬಿಟ್ಟೀರಿ, ಚಲೋ ಆತ್ರಿ ಯಜಮಾನ್ರ. ನಮ್ಮ ಕೂಸಿಗೂ ಒಂದು ಒಣಾ ಮೂಲಿ ತೋರಿಸ್ರಿ."

ಇಷ್ಟು ಚುರುಕಾಗಿಯೇ ಹೇಳಿದಳೋ, ಮತ್ತೆ ಮತ್ತೆ ನೆನೆಯುತ್ತ ನಾನೇ ಮಾತನ್ನು ತಿದ್ದಿಕೊಂಡೆನೋ ತಿಳಿಯದು. ಪೈಪು ಇದ್ದಲ್ಲೇ ಉಳಿಯಿತು ಎಂಬುದು ಮಾತ್ರ ನಿಜ. ಅಣ್ಣನ ಮಾತು ಮೀರಿ ಅಪ್ಪನಿಗೆ ಅಭ್ಯಾಸವಿಲ್ಲ. ತಿಂಗಳು ಮುಗಿಯುವ ಮೊದಲೇ ಆ ಗಂಡ ಹೆಂಡತಿ ಮಗುವನ್ನು ಕರೆದುಕೊಂಡು ಬೊಮ್ಮನಹಳ್ಳಿಯಲ್ಲಿ ಮಹಡಿಯ ಮೇಲಿನ ಒಂದು ಕೋಣೆಗೆ ಹೋದರು.

ಮೊನ್ನೆ ದೊಡ್ಡಪ್ಪ ಖಾಲಿ ಬಿದ್ದಿದ್ದ ಬೇಸ್‌ಮೆಂಟಿಗೆ ಇಳಿದು ಗೋಡೆ ಮುಟ್ಟಿ ನೋಡಿ, "ಒಣಗೈತೆ, ಬಣ್ಣ ಬಳ್ಸಿ ಯಾರಿಗಾದ್ರೂ ಕೊಡ್ರಿ" ಎಂದರು. ಆಗ ನಾನು ಕೇಳಿದೆ.

"ದೊಡ್ಡಪ್ಪ, ಈ ರೂಮಲ್ಲಿ ನಮ್ಮನೆ ಮಗು ಇದ್ದಿದ್ರೆ ಪೈಪು ಯಾವ ಕಡೆಯಿಂದ ಹಾಕಿಸ್ತಿದ್ರಿ?"