ಆಡು ಮುಟ್ಟದ ಅಣಬೆ

ನಮ್ಮತ್ತೆಯ ಹತ್ತಿರ ಒಂದು ಗುಟ್ಟಿತ್ತು. ರಾಮಾಪುರದ ಆಚೆ, ಕಾಡಂಚಿನಲ್ಲಿ ಎಲ್ಲೋ ಇರುವ ಒಂದು ಹುತ್ತ. ಮುಂಗಾರಿನ ಗುಡುಗು ಕೇಳಿದ ಮಾರನೆಯ ದಿನವೇ ಅವರು ಬೆಳಕು ಹರಿಯುವ ಮೊದಲು ಎದ್ದು, ಒಬ್ಬರೇ ಹೋಗಿ, ಮಡಿಲು ತುಂಬ ಅಣಬೆ ತರುತ್ತಿದ್ದರು. ಹುತ್ತ ಎಲ್ಲಿದೆ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಅಣಬೆಯ ಜಾಗವನ್ನು ತಾಯಿ ಮಗಳಿಗೆ ಮಾತ್ರ ಹೇಳಬೇಕು, ಗಂಡಸರ ಕಿವಿಗೆ ಬಿದ್ದರೆ ಹುತ್ತ ಬಾಯಿ ಮುಚ್ಚಿಕೊಳ್ಳುತ್ತದೆ ಎಂದು ಅವರ ನಂಬಿಕೆ. ಇನ್ನೊಂದು ಕಟ್ಟಳೆಯೂ ಇತ್ತು. ತರುವಾಗ ಅಣಬೆಯನ್ನು ಯಾರು ಕಂಡರೂ ಅವರಿಗೆ ಒಂದು ಪಾಲು ಕೊಡಬೇಕು, ಅದೂ ಮನೆಯವರು ಊಟಕ್ಕೆ ಕೂರುವ ಮೊದಲೇ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವ ಅವಸರ ಯಾಕೆಂದು ನನಗೆ ಆಮೇಲೆ ಅರ್ಥವಾಯಿತು. ನಮ್ಮತ್ತೆ ಧರ್ಮಿಷ್ಠೆಯೇ, ಆದರೆ ಅಣಬೆ ಅಂದರೆ ಪ್ರಾಣ.

ಅವರಿಗೆ ಹೆಣ್ಣುಮಕ್ಕಳಿಲ್ಲ. ಇರುವವನು ಒಬ್ಬನೇ ಮಗ, ಅವನನ್ನು ನಾನು ಕಟ್ಟಿಕೊಂಡಿದ್ದೇನೆ. ಆ ಹುತ್ತದ ಜಾಗವನ್ನು ಅತ್ತೆ ನನಗೆ ಹೇಳಬೇಕು ಎಂದು ಮದುವೆಯಾದಾಗಿನಿಂದ ನನಗೆ ಆಸೆ. ಅಣಬೆಯ ಮೇಲಿನ ಆಸೆಯಲ್ಲ. ಹೇಳಿದರೆ ನಾನು ಅವರ ಮಗಳಾದೆ ಅಂತ. ಹೊಸತರಲ್ಲಿ ಒಮ್ಮೆ ನಾಚಿಕೆ ಬಿಟ್ಟು ಕೇಳಿಯೂ ಇದ್ದೆ. "ಗದ್ದೆ ಬಯಲೋಳು ನೀನು. ಉತ್ತ ಯಾವ್ದು ದಿಬ್ಬ ಯಾವ್ದು ಅಂತ ಗೊತ್ತಾದ್ದಾ ನಿಂಗ?" ಎಂದು ನಕ್ಕುಬಿಟ್ಟರು. ನನ್ನ ತವರು ಯಳಂದೂರು, ಗದ್ದೆ ಬಯಲಿನ ಸೀಮೆ. ಆಮೇಲೆ ನಾನು ಕೇಳಲಿಲ್ಲ. ನನಗೂ ಬಿಗುಮಾನ ಇರುತ್ತದಲ್ಲ.

ಮಂಡಿ ನೋವು ಹಿಡಿದುಕೊಂಡ ಮೇಲೆ ಅತ್ತೆ ಕೊಳ್ಳೇಗಾಲಕ್ಕೆ, ನಮ್ಮ ಮನೆಗೆ ಬಂದರು. ನಾನು ದಿನಾ ಬಸ್ಸಿನಲ್ಲಿ ಯಳಂದೂರಿನ ಕಚೇರಿಗೆ, ಗಂಡ ಹನೂರಿಗೆ ಕೆಲಸಕ್ಕೆ. ಸೊಸೆಯ ಅಡುಗೆಮನೆಗೆ ಕೈ ಹಾಕಬಾರದು ಎಂದು ಅತ್ತೆ ಒಲೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಗುಡುಗು ಬಂದ ದಿನ ಮಾತ್ರ ಕಿಟಕಿಯ ಪಕ್ಕ ಕೂತು, "ಈಗ ಎದ್ದಿರ್ತವ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಹೋದ ವರ್ಷ ಮುಂಗಾರು ಇನ್ನೇನು ಶುರುವಾಗಬೇಕು, ಆಗಿನ ಒಂದು ಸಂಜೆ. ಬಸ್ಸಿಳಿದು ತರಕಾರಿ ಅಂಗಡಿಗೆ ಹೋದರೆ, ಬಟನ್ ಅಣಬೆಯ ಪಕ್ಕದಲ್ಲಿ ನಾನು ಎಂದೂ ಕಾಣದ ಒಂದು ಜಾತಿ ಕೂತಿತ್ತು. ಮೂಲಂಗಿಯಷ್ಟು ದಪ್ಪದ ಬಿಳಿ ಕಾಲು, ಅದರ ತಲೆಯ ಮೇಲೆ ಪುಟ್ಟ ಕಂದು ಟೋಪಿ. ಅಂಗಡಿಯವನು, "ಕಿಂಗ್ ಆಯಿಸ್ಟರ್ ಅಂತಾರೆ ಮೇಡಂ. ಟೋಪಿ ನೋಡ್ಬೇಡಿ, ಇದ್ರಲ್ಲಿ ಕಾಲೇ ತಿನ್ನದು. ಬಾಡು ಬುಟ್ಟೋರೆಲ್ಲ ತಕಂಡೋಯ್ತಾವ್ರೆ" ಎಂದ. ಅತ್ತೆಯ ಮುಖ ನೆನಪಾಯಿತು. ಬೆಲೆಯನ್ನು ಅವರಿಗೆ ಹೇಳಬಾರದು ಎಂದುಕೊಂಡೇ ಎರಡು ಪೊಟ್ಟಣ ಕೊಂಡೆ.

ಮನೆಗೆ ಬಂದು ಅತ್ತೆಯ ಮುಂದಿಟ್ಟರೆ ಅವರು ಮೂಗು ಮುರಿದರು. "ಅಣಬೆನೂ ಕೊಂಡ್ಕಂಡು ತಿನ್ನೋ ಕಾಲ ಬಂತಾ?" ನಾನು ಕೈಕಾಲು ತೊಳೆಯಲು ಹೋದೆ. ಒಣಗಿದ ಬಟ್ಟೆ ಎತ್ತಿಕೊಂಡು ಹಿತ್ತಿಲಿನಿಂದ ವಾಪಸು ಬರುವಷ್ಟರಲ್ಲಿ ಅತ್ತೆ ಈಳಿಗೆಮಣೆ ಮುಂದಿಟ್ಟುಕೊಂಡು ಕೂತಿದ್ದರು. ಕಂಡ ಮೇಲೆ ಕೈ ಸುಮ್ಮನಿರಲಿಲ್ಲ ಅಂತ ಕಾಣುತ್ತದೆ. ತಟ್ಟೆಯಲ್ಲಿ ಕಂದು ಟೋಪಿಗಳು ಮಾತ್ರ ಇದ್ದವು, ಒಂದು ಹಿಡಿಯೂ ಇಲ್ಲ.

"ಕಾಲೆಲ್ಲಿ ಅತ್ತೆ?"

"ಕಾಲ್ನ ಯಾರ್ ತಿಂದಾರು? ಗ್ವಾಡೆ ಮ್ಯಾಲಿಂದ ಕೊಟ್ಟೆ, ಪಕ್ಕದ ಮನೆಯೋಳು ಆಡ್ಗೆ ಆಕಂಡ್ಲು."

ಹುತ್ತದ ಅಣಬೆಯ ಕಾಲು ಮಣ್ಣಿನೊಳಗೆ ಆಳಕ್ಕೆ ಇಳಿದಿರುತ್ತದೆ. ನಾರು ನಾರು, ತುಂಬ ಮಣ್ಣು. ಅದನ್ನು ಕೊಯ್ದು ಬಿಸಾಡಿ ಮೇಲಿನ ಕೊಡೆಯನ್ನು ಮಾತ್ರ ಬೇಯಿಸುವುದು ಅತ್ತೆಯ ಮನೆಯ ರೂಢಿ. ಇದೆಲ್ಲ ಈಗ ನಿಧಾನವಾಗಿ ಬರೆಯುತ್ತಿದ್ದೇನೆ. ಆಗ ಇಷ್ಟು ನಿಧಾನ ಇರಲಿಲ್ಲ, ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. "ಇದ್ರಲ್ಲಿ ಕಾಲೇ ಅತ್ತೆ ತಿನ್ನೋದು! ತಿನ್ನೋದನ್ನೆಲ್ಲ ಆಡಿಗೆ ಹಾಕಿ ನಮಗೆ ಟೋಪಿ ಉಳಿಸಿದ್ದೀರಲ್ಲ!" ಎಂದು ಕೂಗಿಕೊಂಡು, ಚಪ್ಪಲಿಯನ್ನೂ ಹಾಕದೆ ಪಕ್ಕದ ಮನೆಗೆ ಓಡಿದೆ.

ಪಕ್ಕದ ಮನೆಯಾಕೆ ಕೊಟ್ಟಿಗೆಯ ಮುಂದೆ ಗಲ್ಲದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಆಡು ಬುಟ್ಟಿಯಲ್ಲಿದ್ದ ಹಲಸಿನ ಸೊಪ್ಪನ್ನೆಲ್ಲ ಖಾಲಿ ಮಾಡಿ, ಅಣಬೆಯ ಕಾಲುಗಳನ್ನು ಹಾಗೆಯೇ ಬಿಟ್ಟಿತ್ತು.

"ಒಂದ್ಸಲ ಮೂಸ್ಬುಟ್ಟು ಅತ್ಲಾಗ್ ತಿರಿಕತ್ತು ಕಣಕ್ಕ. ಏನಕ್ಕ ಇದು, ಬಟ್ಟೆ ಸೋಪಾ?"

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಅಣಬೆ ಸೊಪ್ಪಲ್ಲವಾದ್ದರಿಂದ ಗಾದೆ ಉಳಿಯಿತು, ನನ್ನ ಸಾರೂ ಉಳಿಯಿತು. ನನ್ನ ಸಿಟ್ಟೆಲ್ಲ ನಗುವಾಗಿ ಹೋಯಿತು. ಇಬ್ಬರೂ ಸೇರಿ ಕಾಲುಗಳನ್ನು ಆರಿಸಿ ನನ್ನ ಸೆರಗಿಗೆ ತುಂಬಿಕೊಂಡೆವು. ನಾನು ಮಡಿಲು ಹಿಡಿದುಕೊಂಡು ಬಾಗಿಲೊಳಗೆ ಬರುವುದನ್ನು ಅತ್ತೆ ಕಣ್ಣು ಮಿಟುಕಿಸದೆ ನೋಡಿದರು.

ಮೂರು ನೀರಿನಲ್ಲಿ ತೊಳೆದೆ. ಮೊಬೈಲಿನಲ್ಲಿ ಯಾರೋ ಮಾಡಿ ತೋರಿಸಿದ್ದ ಹಾಗೆ ಒಂದು ಕಾಲನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು, ದೋಸೆ ಹೆಂಚಿನ ಮೇಲೆ ಎಣ್ಣೆ ಸವರಿ, ಮೆಣಸಿನಪುಡಿ ಉದುರಿಸಿ ಸುಟ್ಟೆ. ಸಪ್ಪೆಯೋ ಖಾರವೋ ನೋಡಿ ಎಂದು ಅತ್ತೆಗೆ ಒಂದು ಚೂರು ಕೊಟ್ಟೆ. ಇರುವ ನಾಲ್ಕು ಹಲ್ಲಿನಲ್ಲಿ ಅಗಿದು ಅಗಿದು, "ಮೆಟ್ಟಿನ ಅಟ್ಟೆ ಇದ್ದಂಗದ" ಎಂದರು. ಆಮೇಲೆ ಗೋಡೆ ಹಿಡಿದು ಎದ್ದು, ಸ್ಟೂಲನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡು ಕೂತರು. "ಇದ್ಕೆ ಬಾಡಿನ ಮಸಾಲೆನೇ ಆಗ್ಬೇಕು. ತೆಂಗಿನಕಾಯಿ ತಕಬಾ."

ನಮ್ಮ ಮನೆಗೆ ಬಂದ ಮೇಲೆ ಅತ್ತೆ ಒಲೆಯ ಮುಂದೆ ಕೂತದ್ದು ಅದೇ ಮೊದಲು. ನನಗೆ ಖುಷಿಯಾಯಿತು, ಆದರೆ ಎಲ್ಲಿ ಎದ್ದುಹೋಗುತ್ತಾರೋ ಎಂದು ತೋರಗೊಡಲಿಲ್ಲ. ಧನಿಯ, ಒಣಮೆಣಸಿನಕಾಯಿ ಹುರಿದು ಕೊಟ್ಟರು. ಚಕ್ಕೆ, ಲವಂಗ, ಗಸಗಸೆ ಎಷ್ಟು ಹಾಕಬೇಕೆಂದು ಅಂಗೈಯಲ್ಲೇ ತೋರಿಸಿದರು. ನಾನು ಮಿಕ್ಸಿ ತಿರುಗಿಸಿದೆ. ಈರುಳ್ಳಿ ಬಾಡಿಸಿ, ಶುಂಠಿ ಬೆಳ್ಳುಳ್ಳಿ ಜಜ್ಜಿ ಹಾಕಿ, ಉಳಿದ ಅಣಬೆಯನ್ನು ಅದರ ನೀರೆಲ್ಲ ಇಂಗುವ ತನಕ ಹುರಿದು, ಆಮೇಲೆ ಮಸಾಲೆ ಬಿಟ್ಟರು. ಸಾರು ಕುದಿಯುವ ಹೊತ್ತಿಗೆ ವಾಸನೆ ಬೀದಿಗೆ ಹೋಗಿತ್ತು. ನಾನು ಪಕ್ಕದ ಒಲೆಯಲ್ಲಿ ಮುದ್ದೆ ತಿರುವಿದೆ.

ಸಾರು ಇಳಿಸಿದ ಮೇಲೆ ನಾನು ಮೊದಲು ಒಂದು ಬಟ್ಟಲು ತುಂಬಿ, ಮೇಲೆ ತಟ್ಟೆ ಮುಚ್ಚಿ ಹೊರಟೆ.

"ಎಲ್ಲಿಗೆ, ಇವಳೇ?" ಎಂದರು ಅತ್ತೆ.

"ಪಕ್ಕದ ಮನೆಗೆ. ಅವ್ಳು ಕಂಡಿದ್ದಾಳಲ್ಲ."

ಹೇಳುವಾಗ ನನಗೇ ನಗು ಬಂತು. ಪ್ಲಾಸ್ಟಿಕ್ ಪೊಟ್ಟಣದ ಅಣಬೆಗೆ ಯಾವ ಹುತ್ತ, ಯಾವ ಕಟ್ಟಳೆ? ಆದರೆ ಅತ್ತೆ ನಗಲಿಲ್ಲ. ನಾನು ಬಟ್ಟಲು ಕೊಟ್ಟು ಬರುವವರೆಗೆ ಅವರೂ ಮುಟ್ಟದೆ ಕಾದಿದ್ದರು.

ಇಬ್ಬರೂ ಊಟಕ್ಕೆ ಕೂತೆವು. ಸಾರು ಚೆನ್ನಾಗಿತ್ತು, ನಿಜವಾಗಿ ಚೆನ್ನಾಗಿತ್ತು. ಅತ್ತೆಯ ಪಾಲಿನ ಅಣಬೆಯನ್ನು ಸಣ್ಣಗೆ ಕೊಯ್ದಿದ್ದೆ, ಹಲ್ಲಿಗೆ ತೊಂದರೆಯಾಗಲಿಲ್ಲ. "ನಮ್ ಅಣಬೆ ರುಚಿ ಇಲ್ಲ. ಅಂದ್ರೂ ಪರ್ವಾಗಿಲ್ಲ, ಚೆಂದಾಗೇ ಅದ" ಎಂದು ಎರಡನೆಯ ಸಲ ಹಾಕಿಸಿಕೊಂಡರು. ದೂರದಲ್ಲಿ, ಹನೂರಿನ ಕಡೆ, ಗುಡುಗಿತು. ಅತ್ತೆ ಕೈಯನ್ನು ತಟ್ಟೆಯಲ್ಲೇ ನಿಲ್ಲಿಸಿ ಕೇಳಿಸಿಕೊಂಡರು.

"ಕೂಸೇ," ಎಂದರು.

ನಮ್ಮ ಕಡೆ ತಾಯಿ ಮಗಳನ್ನು ಕರೆಯುವುದು ಹಾಗೆ. ಅಲ್ಲಿಯವರೆಗೆ ನಾನು ಅವರಿಗೆ 'ಇವಳೇ' ಆಗಿದ್ದೆ.

"ರಾಮಾಪುರದಲ್ಲಿ ಬಸ್ ಇಳ್ಕಂಡು ಊರ್ ಒಳಕ್ಕೆ ಓಗ್ಬ್ಯಾಡ. ಬಲಗಡೆ ಒಂದು ಕಾಲ್ದಾರಿ ಸಿಕ್ತದ..."

ದಾರಿಯುದ್ದಕ್ಕೂ ಹೇಳಿದರು, ಯಾವ ಮರ, ಯಾವ ಬಂಡೆ, ಎಲ್ಲಿ ತಿರುಗಬೇಕು ಎಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ಕಣ್ಣು ತುಂಬಿಕೊಂಡಿತ್ತು, ಖಾರ ಜಾಸ್ತಿಯಾಯಿತು ಅಂದುಕೊಳ್ಳಲಿ ಎಂದು ಮೂಗು ಒರೆಸಿಕೊಂಡೆ. ಹುತ್ತಕ್ಕೆ ಇನ್ನು ಎರಡೇ ಮಾತಿನ ದಾರಿ ಉಳಿದಿತ್ತು, ಬಾಗಿಲಲ್ಲಿ ಸ್ಕೂಟರ್ ನಿಂತ ಸದ್ದಾಯಿತು. ನನ್ನ ಗಂಡ ವಾಸನೆ ಹಿಡಿದುಕೊಂಡೇ ಒಳಗೆ ಬಂದರು. ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ ಆ ಎರಡು ಮಾತನ್ನೂ ಹೇಳಿ ಮುಗಿಸಿ, ನೆಟ್ಟಗೆ ಕೂತರು.

"ಏನವ್ವ ಅದು, ಗುಸುಗುಸು?"

"ಏನಿಲ್ಲ ಕಣ್ಲಾ. ಸಾರ್ಗೆ ಉಪ್ಪು ಸಾಲ್ದು ಅಂದೆ."

ಗಂಡ ನನ್ನ ಕಡೆ ತಿರುಗಿದರು. "ಹೌದಾ?"

"ಹೌದು," ಎಂದೆ. "ಉಪ್ಪು ಸಾಲ್ದು." ಉಪ್ಪು ಸರಿಯಾಗೇ ಇತ್ತು. ಪಾಪ, ಹೆಂಡತಿ ತಾಯಿ ಇಬ್ಬರೂ ಹೇಳಿದ ಮೇಲೆ ಇನ್ನೇನು ಮಾಡುತ್ತಾರೆ, ತಟ್ಟೆಗೆ ಒಂದು ಚಿಟಿಕೆ ಉಪ್ಪು ಹಾಕಿಕೊಂಡು ಉಂಡರು.