ಶೇಂಗಾದ ಮೇಲೆ ಬಿದ್ದ ಕಣ್ಣು

ಸ್ವಾತಂತ್ರ್ಯ ಬಂದ ಹೊಸದು, ನನಗೂ ನೌಕರಿ ಹೊಸದು. ಬೈಲಹೊಂಗಲದ ಬಸ್ಸಿನಲ್ಲಿ ಪಕ್ಕದ ಅಜ್ಜಿ, ಸೊಸೆಯ ಮಡಿಲಲ್ಲಿದ್ದ, ಆಗಷ್ಟೇ ಅನ್ನ ತಿನ್ನಲು ಕಲಿತಿದ್ದ ಮೊಮ್ಮಗನಿಗೆ ಶೇಂಗಾ ಹೋಳಿಗೆಯ ಹೂರಣ ನೆಕ್ಕಿಸಿದಳು. ನೋಡನೋಡುತ್ತ ಕೂಸಿನ ತುಟಿ ಬಾತು, ಮೈಯೆಲ್ಲ ದದ್ದು ಎದ್ದವು.

“ಶೇಂಗಾ ಆಗಿಬಂದಿಲ್ರಿ ಅಜ್ಜಿ. ನನ್ನ ತಂಗಿಗೂ ಹಿಂಗ ಆಗತಿತ್ತು,” ಎಂದೆ.

“ಶೇಂಗಾ ಏನ್ ಮಾಡತೈತೋ ತಮ್ಮಾ! ಆಗಿಂದ ನೀನ ಮಿಕಿಮಿಕಿ ನೋಡಾಕ ಹತ್ತಿದ್ದಿ. ನಿನ್ನ ದೃಷ್ಟಿನ ತಾಗೇತಿ!” ಎಂದವಳೇ ನನ್ನ ಕಾಲಡಿಯ ಧೂಳು ಬಳಿದು, ಕೂಸಿಗೆ ನಿವಾಳಿಸಿ ಕಿಟಕಿಯಾಚೆ ಎಸೆದಳು.

ನೇಸರಗಿ ಬರುವಷ್ಟರಲ್ಲಿ ಬಾವು ಇಳಿಯಿತು. “ದೃಷ್ಟಿ ಹೋತು” ಎಂದು ಅಜ್ಜಿ ಮತ್ತೆ ಹೋಳಿಗೆ ಮುರಿದಳು. ಕೂಸಿನ ತಾಯಿ ಅತ್ತೆಗೆ ಹೆದರಿ ನನ್ನತ್ತ ನೋಡಿದಳು.

“ಅಜ್ಜಿ, ನಾ ನೋಡಿದ್ದು ಕೂಸನ್ನಲ್ರಿ, ಹೋಳಿಗೀನ! ನನ್ನ ಕಣ್ಣು ಬಿದ್ದ ಶೇಂಗಾ ಈ ಕೂಸಿಗೆ ಇನ್ನೆಂದೂ ದಕ್ಕಂಗಿಲ್ಲ.”

ಅಜ್ಜಿ ಬೆಚ್ಚಿ ಹೋಳಿಗೆಯ ಗಂಟನ್ನೇ ನನ್ನ ತೊಡೆಯ ಮೇಲೆ ಹಾಕಿದಳು. ಕೆಟ್ಟ ಕಣ್ಣಿನಿಂದ ನನ್ನ ಹೊಟ್ಟೆ ತುಂಬಿದ್ದು ಅದೊಂದೇ ಸಲ.