ಉಡಿಯೊಳಗಿನ ವಾದ

ಮಾಟುಂಗಾದ ಕನ್ನಡ ಸಂಘವೊಂದರ ಚರ್ಚಾಸ್ಪರ್ಧೆಗೆ ನನ್ನ ಹತ್ತಿರ ಗೆಲ್ಲುವ ವಾದವೊಂದಿತ್ತು. ತೊಂದರೆ ಇಷ್ಟೇ, ಅದು ನನ್ನಕ್ಕನ ಉಡಿಯಲ್ಲಿತ್ತು.

ವಿಷಯ: ಆರೋಗ್ಯಕ್ಕೆ ಕೆಡುಕಾದುದನ್ನು ಸರಕಾರ ನಿಷೇಧಿಸಬೇಕು. ನಾನು ವಿರೋಧ ಪಕ್ಷ. "ಇಕಿ ಹುಟ್ಟಿದ್ದs ವಿರೋಧ ಪಕ್ಷದಾಗ," ಎನ್ನುತ್ತಿದ್ದರು ಕಾಕಾ. ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನು ಧಾರವಾಡದಿಂದ ಕರೆತಂದು ವಡಾಲದ ಚಾಳಿನಲ್ಲಿ ಸಾಕಿದವರು ಅವರೇ. ಬಂದರಿನ ಆಫೀಸಿನಲ್ಲಿ ಗುಮಾಸ್ತರು, ಪಾನಬಂದಿಯ ಪರಮ ಭಕ್ತರು. ಮುಂಬಯಿಯಲ್ಲಿ ಆಗ ಕುಡಿತಕ್ಕೆ ನಿಷೇಧ, ಕುಡಿಯಬೇಕೆಂದರೆ ಪರ್ಮಿಟ್ ಬೇಕು. ಪರ್ಮಿಟ್ ಬೇಕೆಂದರೆ, ಕುಡಿಯದಿದ್ದರೆ ಇವರ ಆರೋಗ್ಯ ಕೆಡುತ್ತದೆಂದು ಡಾಕ್ಟರು ಬರೆದುಕೊಡಬೇಕು. ಆರೋಗ್ಯ ಕೆಡುತ್ತದೆಂದೇ ನಿಷೇಧ, ಆರೋಗ್ಯ ಕೆಡುತ್ತದೆಂದೇ ಪರವಾನಗಿ! ಇದನ್ನು ಹೇಳಿ ನಾನು ನಕ್ಕರೆ ಕಾಕಾ ಡಬ್ಬಿ ತೆರೆದು ಮೂಗಿಗೆ ನಶ್ಯ ಏರಿಸಿ, "ನಿನಗ ತಿಳಿಯೂದಿಲ್ಲ. ಚಟಾ ಅನ್ನೋದು ಮನಷ್ಯಾನ್ನ ತಿಂತದ," ಎನ್ನುವರು.

"ಮತ್ತ ನಶ್ಯಾ?"

"ನಶ್ಯಾ ಬ್ಯಾರೆ."

ಉಪ್ಪಿನ ಗದ್ದೆಗಳಾಚೆಯ ಕೆಸರಿನಲ್ಲಿ ಕಳ್ಳಭಟ್ಟಿಗಳಿದ್ದವು. ಅಲ್ಲಿನ ಸರಾಯಿಯನ್ನು ಟೈರಿನ ಟ್ಯೂಬಿಗೆ ತುಂಬಿ ಹೊಟ್ಟೆಗೆ ಕಟ್ಟಿಕೊಂಡು, ಮೇಲೆ ಸೀರೆ ಉಟ್ಟು, ಹೆಂಗಸರು ಲೋಕಲ್ ಹತ್ತುತ್ತಿದ್ದರು. ಪಾನಬಂದಿ ಬಂದಮೇಲೆ ಹಾರ್ಬರ್ ಲೈನಿನಲ್ಲಿ ಬಸುರಿಯರು ಹೆಚ್ಚಾದರು ಎನ್ನುವುದು ನಮ್ಮ ಚಾಳಿನ ಹಳೇ ಜೋಕು. "ಹತ್ತೋರು ಇಳಿಯೋರು ಒಬ್ಬೊಬ್ಬಾಕೀನ್ನೂ ತಡವಿ ನೋಡಬೇಕು," ಎಂದು ಕಾಕಾ ಪೇಪರಿನ ಹಿಂದಿನಿಂದ ಅಪ್ಪಣೆ ಕೊಡಿಸಿದ್ದರು. ಸರಕಾರ ಕೇಳಿಸಿಕೊಂಡಿರಬೇಕು.

ಅಕ್ಕನಿಗೆ ಏಳು ತಿಂಗಳಾಗಿತ್ತು. ಹಿಂದಿನ ಬಸಿರು ನಿಂತಿರಲಿಲ್ಲ, ಹಾಗಾಗಿ ಈ ಸಲ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಸಾಂತಾಕ್ರೂಜ್‌ನ ಅತ್ತೆಯ ಮನೆಯಲ್ಲಿ ಕುಬಸ, ಎಂದರೆ ನಮ್ಮ ಕಡೆಯ ಸೀಮಂತ, ಆಯಿತು. ಹಸಿರು ಸೀರೆ, ಕೈತುಂಬ ಹಸಿರು ಬಳೆ. ಮುತ್ತೈದೆಯರು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬಾಳೆಹಣ್ಣು ಹಾಕಿ ಉಡಿ ತುಂಬಿದರು. ಅದನ್ನು ಸೆರಗಿನಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಗಿಸಿಕೊಂಡು ತವರಿಗೆ ಬಂದು ದೇವರ ಮುಂದೆಯೇ ಬಿಚ್ಚಬೇಕು. ದಾರಿಯಲ್ಲಿ ಬಿಚ್ಚಿದರೆ ಕೂಸಿಗೆ ಒಳ್ಳೆಯದಲ್ಲವಂತೆ. ನಾನು ನಂಬುವುದಿಲ್ಲ. ಅಕ್ಕ ನಂಬುತ್ತಾಳೆ, ಮತ್ತು ಕೂಸು ಅವಳದು.

ಕಾಕಾ, ನಾನು, ಅಕ್ಕ ಬಾಂದ್ರಾದಲ್ಲಿ ಗಾಡಿ ಬದಲಿಸಿ ವಡಾಲದಲ್ಲಿ ಇಳಿದೆವು. ಸೇತುವೆಯ ಮೆಟ್ಟಿಲ ಬುಡದಲ್ಲಿ ಹೆಣ್ಣು ಪೊಲೀಸೊಬ್ಬಳು ಲಾಠಿ ಅಡ್ಡ ಹಿಡಿದಳು.

"ಏ ಬಾಯಿ, ಪೋಟಾತ್ ಕಾಯ್ ಆಹೆ?"

ಹೊಟ್ಟೆಯಲ್ಲಿ ಏನು ಎಂದು ಏಳು ತಿಂಗಳ ಬಸುರಿಯನ್ನು ಕೇಳುವುದು! ಕಾಕಾ ಎದೆ ಸೆಟೆಸಿ, ಕೂಸು, ಮತ್ತೇನಿರುತ್ತದೆ ಎಂದು ಮರಾಠಿಯಲ್ಲಿ ಗದರಿದರು. ಎಲ್ಲರೂ ಹಾಗೇ ಹೇಳುತ್ತಾರೆ ಎಂದಳು ಅವಳು. ಲಾಠಿಯ ತುದಿಯನ್ನು ಸೊಂಟದ ಗಂಟಿಗೆ ತಾಗಿಸಿ, ಹಾಗಾದರೆ ಈ ಎರಡನೇ ಹೊಟ್ಟೆ ಯಾವುದು ಎಂದಳು.

"ಉಡಿರೀ ಬಾಯಾರ, ಉಡಿ! ಬಿಚ್ಚಬ್ಯಾಡ್ರಿ!" ಗಾಬರಿಯಲ್ಲಿ ಕಾಕಾನ ಮರಾಠಿ ಓಡಿಹೋಗಿತ್ತು. ಅವಳಿಗೆ ಬೇಕಾದದ್ದು ಭಾಷೆಯಲ್ಲ, ಗಂಟು. ಅಕ್ಕ ಎರಡೂ ಕೈಯಲ್ಲಿ ಒತ್ತಿಹಿಡಿದರೂ ಪೊಲೀಸಿನವಳು ಎಳೆದೇಬಿಟ್ಟಳು. ಅಕ್ಕಿ ಪ್ಲಾಟ್‌ಫಾರ್ಮಿನ ಮೇಲೆ ಸುರಿಯಿತು. ಕೊಬ್ಬರಿ ಬಟ್ಟಲು ಉರುಳಿ ಯಾರದೋ ಬೂಟಿಗೆ ತಾಗಿ ನಿಂತಿತು. ಆಫೀಸು ಬಿಟ್ಟ ಮಂದಿ ಸುತ್ತ ನೆರೆದು ಪುಕ್ಕಟೆ ಆಟ ನೋಡಿದರು. ಅವಳು ಅಷ್ಟಕ್ಕೆ ಬಿಡದೆ ಅಕ್ಕನ ಹೊಟ್ಟೆಗೂ ಅಂಗೈ ಒತ್ತಿದಳು, ಒತ್ತಿದವಳು ಬಿಸಿ ತಾಗಿದಂತೆ ಕೈ ತೆಗೆದಳು. ಒಳಗಿನಿಂದ ಒದೆ ಬಿದ್ದಿತ್ತು. ಹುಟ್ಟುವ ಮೊದಲೇ ಸರಕಾರವನ್ನು ಒದ್ದ ಪ್ರಜೆಯನ್ನು ನಾನು ಬೇರೆ ಕಂಡಿಲ್ಲ.

"ಅಗ ಬಾಯಿ... ಓಟಿ!" ಎಂದಳು. ಅವರಲ್ಲೂ ಬಸುರಿಯ ಉಡಿ ತುಂಬುತ್ತಾರೆ, ಅದಕ್ಕೆ ಓಟಿ ಎನ್ನುತ್ತಾರೆ. ಲಾಠಿ ಕೆಳಗಿಟ್ಟು ಕೂತಳು. ಮಣ್ಣು ಊದಿ ಊದಿ ಅಕ್ಕಿ ಆರಿಸಿದಳು. ಬೂಟಿನವನನ್ನು ಬೈದು ಕೊಬ್ಬರಿ ಬಟ್ಟಲು ತರಿಸಿಕೊಂಡಳು. ಮುತ್ತೈದೆಯಂತೆ ಅಕ್ಕನ ಸೆರಗಿಗೆ ಎಲ್ಲವನ್ನೂ ಹಾಕಿ ಗಂಟು ಬಿಗಿದು, ತನ್ನ ಹಣೆಯ ಕುಂಕುಮವನ್ನೇ ಬೆರಳಿಗೆ ತಗೊಂಡು ಅಕ್ಕನ ಹಣೆಗೆ ಹಚ್ಚಿದಳು. ಎರಡನೇ ಸಲ ಉಡಿ ತುಂಬಿದ್ದು ಖುದ್ದು ಸರಕಾರ.

ಮನೆ ಮುಟ್ಟುವಷ್ಟರಲ್ಲಿ ನನ್ನ ಭಾಷಣ ತಯಾರಾಗಿತ್ತು. ಆರೋಗ್ಯ ಕಾಯಲು ಹೊರಟ ಕಾಯದೆ ಒಬ್ಬ ಬಸುರಿಯ ಉಡಿ ಬಿಚ್ಚಿತು! ಯಾವ ತೀರ್ಪುಗಾರ ಸೋಲಿಸಿಯಾನು?

"ಕಾಯದೆ ಚಲೋನs ಅದ," ಎಂದರು ಕಾಕಾ. "ಆದರ..." ಆ 'ಆದರ'ದ ಮುಂದೆ ಮಾತಿನ ಬದಲು ನಶ್ಯ ಏರಿತು.

ಅಕ್ಕ ಮಾತ್ರ ನನ್ನ ಉತ್ಸಾಹವನ್ನೇ ನೋಡುತ್ತ ಕೂತಿದ್ದಳು. "ಇದನ್ನ ಸಭಾದಾಗ ಹೇಳಾಕಿ ಏನ?"

"ಹೆಸರು ಹೇಳೂದಿಲ್ಲ ಬಿಡs."

"ನೀ ನನ್ನ ತಂಗಿ ಅನ್ನೂದು ಅಲ್ಲೆ ಯಾರಿಗೆ ಗೊತ್ತಿಲ್ಲ? ಬ್ಯಾಡ."

"ಅಕ್ಕಾ, ಇದೊಂದು ಇದ್ರ ಗೆದ್ದಂಗs!"

"ಆಕಿ ಬಿಚ್ಚಿದ್ಲು, ಆಕೀನs ತುಂಬಿದ್ಲು. ನೀ ಅಷ್ಟು ಮಂದಿ ಮುಂದ ಬಿಚ್ಚಿದ್ರ ಮತ್ತ ತುಂಬೋರು ಯಾರವಾ?"

ಕಾಲೇಜಿನಲ್ಲಿ ನನಗೆ ಖಂಡನೆಯ ಎಲ್ಲ ಪಟ್ಟುಗಳನ್ನು ಕಲಿಸಿದ್ದಾರೆ. ಅವನ್ನೆಲ್ಲ ಬದಿಗಿಟ್ಟು, ದೇವರ ಮುಂದಿನ ಅಕ್ಕಿಯಲ್ಲಿ ಉಳಿದಿದ್ದ ಮಣ್ಣು ಆರಿಸತೊಡಗಿದೆ.

ಸ್ಪರ್ಧೆಯ ದಿನ ಕಾಕಾ ಮೊದಲ ಸಾಲಿನಲ್ಲಿ, ಅಕ್ಕ ಹೆಂಗಸರ ಕಡೆ ಗೋಡೆಗೊರಗಿ ಕೂತಿದ್ದರು. ಎದುರು ಪಕ್ಷದ ಹುಡುಗ, ಕ್ರಾಪು ತಿದ್ದಿ, ಮೇಜು ಗುದ್ದಿ ಕೇಳಿದ: "ಪಾನನಿಷೇಧದಿಂದ ಕುಡುಕರನ್ನು ಬಿಟ್ಟು ಇನ್ಯಾರಿಗೆ ನೋವಾಗಿದೆ? ಒಬ್ಬರನ್ನು ತೋರಿಸಿ! ಈ ಸಭೆಯಲ್ಲಿ ಒಬ್ಬರನ್ನು!"

ನಾನು ಅಕ್ಕನನ್ನು ನೋಡಿದೆ. ಅವಳು ಸೆರಗು ಹೊಟ್ಟೆಯ ಮೇಲೆ ಎಳೆದುಕೊಂಡು ನನ್ನನ್ನೇ ನೋಡುತ್ತಿದ್ದಳು. ನನ್ನ ಸರದಿ ಬಂದಾಗ ಪರ್ಮಿಟ್ಟಿನ ಮಾತಾಡಿದೆ, ಸರಕಾರ ಮೊದಲು ನಶ್ಯ ನಿಲ್ಲಿಸಲಿ ಎಂದೆ, ಒಂದಿಷ್ಟು ನಗಿಸಿದೆ. ಸೋತೆ. ಆ ಹುಡುಗನಿಗೆ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಪಾನಬಂದಿಯ ಪರಮ ಭಕ್ತರು ಮಾತ್ರ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದರು.

ಸ್ಟೇಶನ್ನಿನ ದಾರಿಯಲ್ಲಿ ಕಾಕಾ ಕೆಮ್ಮಿ, "ಚಲೋ ಮಾತಾಡಿದಿ. ಖರೆ, ಅಷ್ಟು ಮಂದ್ಯಾಗ ನನ್ನ ನಶ್ಯಾದ ಸುದ್ದಿ ಯಾಕ ಬೇಕಿತ್ತು?" ಎಂದರು.

"ಏನ ಮಾಡೂದು ಕಾಕಾ, ಅಕ್ಕನ ಹೊಟ್ಟಿಗೆ ನಿಷೇಧ ಇತ್ತು. ಉಳಿದದ್ದು ನಿಮ್ಮ ಮೂಗೊಂದs."

ಅಕ್ಕ ನಕ್ಕ ರಭಸಕ್ಕೆ ಹೊಟ್ಟೆ ಹಿಡಿದುಕೊಂಡು ರಸ್ತೆಯ ಬದಿಗೆ ನಿಂತಳು. ಒಳಗಿನವನು ಮತ್ತೆ ಒದೆಯುತ್ತಿದ್ದನಂತೆ. ಯಾರ ಪಕ್ಷದಿಂದ ಎಂದು ಹೇಳಲಿಲ್ಲ.